ಗುಂಟೆ ಅಳೆಯುವ ಆಟ

ಉತ್ತರಹಳ್ಳಿ
22-2-1959

ಪೂಜ್ಯ ಗಂಗಾಧರಣ್ಣನವರಿಗೆ,

ನಿಮ್ಮ ತಮ್ಮ ಚಿಕ್ಕಬೈರಪ್ಪ ಮಾಡುವ ನಮಸ್ಕಾರಗಳು. ಸಂಕ್ರಾಂತಿಗೆ ನೀವು ಭದ್ರಾವತಿಯಿಂದ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಎರಡು ಸಲ ಬರೆಯಲು ಕೂತು ಎದ್ದುಬಿಟ್ಟೆ. ಇಲ್ಲಿ ಎಲ್ಲರೂ ಆರೋಗ್ಯ. ಅತ್ತಿಗೆಯವರ ಮಂಡಿನೋವು ಹೇಗಿದೆ? ರಾಗಿ ಕೊಯ್ದು ಕಣದ ಕೆಲಸ ಮುಗಿಯಿತು. ನಿಮ್ಮ ಪಾಲಿನ ಹೊಲವನ್ನು ಬೋರಣ್ಣ ಚೆನ್ನಾಗಿ ಉಳುತ್ತಿದ್ದಾನೆ.

ನಮ್ಮ ಮಗಳು ಜಯಾಳ ಓದಿನ ಬಗ್ಗೆ ಕೇಳಿದ್ದಿರಿ. ನಾಲ್ಕನೇ ಕ್ಲಾಸಿನಲ್ಲಿ ಇದು ಎರಡನೇ ವರ್ಷ. ಲೆಕ್ಕ ಅಂದರೆ ಸಾಕು, ಹೊಟ್ಟೆನೋವು ಅನ್ನುತ್ತಾಳೆ. ವೆಂಕಟಾಚಲ ಮೇಷ್ಟ್ರು ದಾರಿಯಲ್ಲಿ ಸಿಕ್ಕಿ, "ಈ ಸಲಾನೂ ಹಿಂಗೇ ಆದ್ರೆ ನಾನೇನ್ ಮಾಡ್ಲಪ್ಪ? ಮನೇಲಿ ಸ್ವಲ್ಪ ಹೇಳ್ಕೊಡಿ. ಬೆತ್ತ ಬೇಡ, ಆಟ ಆಡ್ಸಿ" ಅಂದರು. ನನ್ನವಳು ಸೊಣ್ಣಮ್ಮನಿಗೆ ಸ್ಕೂಲು ಬಿಡಿಸುವ ಮನಸ್ಸಿತ್ತು. ಆದರೂ ಅವಳೇ ಮೊದಲು ಶುರು ಮಾಡಿದಳು. ಒಲೆ ಮುಂದೆ ರೊಟ್ಟಿ ಮುರಿದು ಕಾಲು, ಅರೆ, ಮುಕ್ಕಾಲು ಕೇಳುವುದು; ಸರಿ ಹೇಳಿದರೆ ಆ ಚೂರು ಜಯಾಳಿಗೆ. ಒಂದು ದಿನ ಮೂರು ರೊಟ್ಟಿ ಗೆದ್ದು ತಿಂದು, ನಿಜವಾಗಿಯೂ ಹೊಟ್ಟೆನೋವು ಬರಿಸಿಕೊಂಡಳು.

ಆಮೇಲೆ ಜಯನಗರದ ಕಡೆ ಸರ್ವೆಯವರು ಸೈಟಿಗೆಂದು ಸರಪಳಿ ಎಳೆದು ಜಾಗ ಅಳೆಯುವುದನ್ನು ನೋಡಿ ಬಂದಳು. "ಅಪ್ಪಾ, ಅಷ್ಟು ದೊಡ್ಡೋರಾದ್ರೂ ಅವ್ರಿಗೆ ಆಟ ಆಡಕ್ಕೆ ಬಿಡ್ತಾರಾ?" ಅಂತ ಕೇಳಿದಳು. ನಾನು ಬಾವಿಯ ಹಳೆ ಹಗ್ಗ ತಂದು ಮೂವತ್ತಮೂರು ಅಡಿಗೆ ಕತ್ತರಿಸಿ ಕೊಟ್ಟೆ. ಹಗ್ಗದುದ್ದ, ಹಗ್ಗದಗಲ, ನಾಲ್ಕು ಮೂಲೆಗೆ ತೊಗರಿ ಕಡ್ಡಿ. ಅಷ್ಟು ಜಾಗ ಒಂದು ಗುಂಟೆ. ಕುಂಟೆಬಿಲ್ಲೆ ಆಡಿದ ಹಾಗೆ ಕುಪ್ಪಳಿಸಿಕೊಂಡು ಗುಂಟೆ ಎಣಿಸುತ್ತಿದ್ದಳು. ಮಗ್ಗಿ ತಾನಾಗಿಯೇ ಬಂತು. ಆರರ ಮಗ್ಗಿ ತಡವರಿಸದೆ ಒಪ್ಪಿಸಿದಳೆಂದು ಮೇಷ್ಟ್ರು ಮನೆತನಕ ಬಂದು ಹೇಳಿ ಹೋದರು. ಆ ದಿನ ನನಗಾದ ಸಂತೋಷ ಹೇಗೆ ಬರೆಯಲಿ!

ಹೋದ ಭಾನುವಾರ ನಾನು ಹೇಳದೆಯೇ ನಮ್ಮ ಹೊಲ ಅಳೆದು ಓಡಿ ಬಂದಳು. "ಅಪ್ಪಾ, ಉದ್ದ ಆರು ಹಗ್ಗ, ಅಗಲ ನಾಕು. ಇಪ್ಪತ್ನಾಕು ಗುಂಟೆ. ನೀನು ಮೂವತ್ತು ಅಂತಿದ್ದೆ?"

"ತಪ್ಪು. ಮತ್ತೆ ಅಳೆದು ನೋಡು" ಅಂದೆ.

ಮತ್ತೆ ಅಳೆದಳು. ಅಷ್ಟಕ್ಕೇ ಬಿಡದೆ ಪಕ್ಕದ ನಿಮ್ಮ ಹೊಲವನ್ನೂ ಅಳೆದಳು. ಬೋರಣ್ಣ ಅಲ್ಲೇ ನಿಂತಿದ್ದ. "ದೊಡ್ಡಪ್ಪಂದು ಆರಾರ್ಲ ಮೂವತ್ತಾರು. ಎರಡೂ ಸೇರಿ ಅರವತ್ತು. ಲೆಕ್ಕ ಸರಿಯಾಗೇ ಐತಲ್ಲಪ್ಪ, ತಪ್ಪೆಲ್ಲಿ?" ಅಂದಳು. ನಾನು ಅವಳ ಕೆನ್ನೆಗೆ ಹೊಡೆದೆ. ಬೋರಣ್ಣ ತಲೆ ತಗ್ಗಿಸಿಕೊಂಡು ಎತ್ತುಗಳ ಕಡೆ ಹೋದ.

ಅಂದಿನಿಂದ ಅವಳು ಸ್ಲೇಟು ಮುಟ್ಟಿಲ್ಲ. ಆರು ನಾಲ್ಕಲ ಎಷ್ಟು ಎಂದು ಮೇಷ್ಟ್ರು ಕೇಳಿದರೆ, "ಗೊತ್ತಿಲ್ಲ ಸಾರ್, ನಂಗೆ ತಪ್ಪೇ ಬರೋದು" ಅಂದಳಂತೆ. ಸೊಣ್ಣಮ್ಮ ನನಗೆ ಊಟ ಬಡಿಸಿಟ್ಟು, ಮಗಳ ಪಕ್ಕ ಹೋಗಿ ಕೂರುತ್ತಾಳೆ.

ಅತ್ತಿಗೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಮಗ ಕಿಟ್ಟಿ ಚೆನ್ನಾಗಿ ಓದಲಿ, ದೇವರು ಅವನಿಗೆ ಒಳ್ಳೆಯ ಬುದ್ಧಿ ಕೊಡಲಿ. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ.

ನಿಮ್ಮ ತಮ್ಮ,
ಚಿಕ್ಕಬೈರಪ್ಪ

ಮರೆತದ್ದು: ಮರೆತದ್ದಲ್ಲ ಅಣ್ಣ, ಬರೆಯದೆ ಲಕೋಟೆ ಅಂಟಿಸಿಬಿಡೋಣ ಅಂದುಕೊಂಡಿದ್ದೆ. ಅಪ್ಪ ತೀರಿಕೊಂಡ ವರ್ಷ, ಪಾಲಾದ ಮಾರನೆಯ ಬೆಳಿಗ್ಗೆ, ನೀವು ಮೇರೆಯ ಕಲ್ಲು ಕಿತ್ತು ನನ್ನ ಕಡೆಗೆ ಸರಿಸಿ ನೆಡುವಾಗ ನಾನು ಹೊಂಗೆ ಮರದ ಹಿಂದೆ ನಿಂತಿದ್ದೆ. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು ನೀವು, ಬಾಯೇ ಬರಲಿಲ್ಲ. ಎಷ್ಟು ದೂರ ಸರಿಸಿದಿರಿ ಎಂದು ಹನ್ನೊಂದು ವರ್ಷ ಅಳೆಯದೆ ಇದ್ದೆ. ಆ ಆರು ಗುಂಟೆ ನಿಮ್ಮಲ್ಲೇ ಇರಲಿ, ಕೇಳುವುದಿಲ್ಲ. ಜಯಾಳಿಗೆ ಒಂದು ಕಾರ್ಡು ಹಾಕಿ. ನಾನು ಹೇಳಿದರೆ ಈಗ ನಂಬುವುದಿಲ್ಲ, ಹೊಡೆದವನು ನಾನೇ. ಅವಳ ಲೆಕ್ಕ ಸರಿ ಎಂದು ನಿಮ್ಮ ಕೈಯಲ್ಲೇ ಬರೆಯಿರಿ. ಪರೀಕ್ಷೆ ಮಾರ್ಚ್ ಹದಿನಾರಕ್ಕೆ.