ಕಾರೇಯಲ್ಲಿ ನನ್ನ ಕುರ್ಚಿ

ಲ ಹಾವ್ರ್ ಬಂದರು
11 ಅಕ್ಟೋಬರ್ 1996

ನನ್ನ ಮುದ್ದು ಅಮ್ಮ,

ಈ ಕಾಗದ ಓದುವ ಮುಂಚೆ ಕತ್ತರಿ ಕೆಳಗಿಡು. ಯಾರಾದರೂ ತಲೆ ಒದ್ದೆ ಮಾಡಿಕೊಂಡು ಕೂತಿದ್ದರೆ ಮೊದಲು ಅವರದು ಮುಗಿಸು. ಇಲ್ಲದಿದ್ದರೆ ನನ್ನ ಮೇಲಿನ ಸಿಟ್ಟಿಗೆ ಅವರ ಕಿವಿ ಹೋದೀತು.

ನಿನಗೆ ಮೂರು ವರ್ಷದಿಂದ ಸುಳ್ಳು ಬರೆಯುತ್ತಿದ್ದೇನೆ. ಹಡಗಿನಲ್ಲಿ ಬಡಿಸುವ ಕೆಲಸ ಬಿಟ್ಟು ಅಷ್ಟು ಕಾಲವಾಯಿತು. 'ಈ ಸಲ ಉದ್ದದ ಪ್ರಯಾಣ' ಎಂದು ಬರೆಯುತ್ತಿದ್ದೆನಲ್ಲ, ಆಗೆಲ್ಲ ನಾನು ನೌಕಾ ಶಾಲೆಯ ಬೆಂಚಿನ ಮೇಲೆ, ನನಗಿಂತ ಹತ್ತು ವರ್ಷ ಚಿಕ್ಕವರ ಜೊತೆ ಕೂತಿದ್ದೆ. ಮೊದಲ ಸಲ ಫೇಲಾದೆ. ಎರಡನೆಯ ಸಲ ಪಾಸಾದೆ. ಆಗಸ್ಟ್‌ನಿಂದ 'ಮಾರಿ-ಕಾತೆಲ್' ಎಂಬ ಸರಕು ಹಡಗಿನಲ್ಲಿ ಲೆಫ್ಟಿನೆಂಟ್ ಆಗಿದ್ದೇನೆ.

ಯಾಕೆ ಮುಚ್ಚಿಟ್ಟೆ ಅಂತ ನೀನು ಕೇಳಲಾರೆ. ಅಪ್ಪನೂ ಹಡಗಿನ ಅಧಿಕಾರಿಯೇ. ನಮ್ಮಿಬ್ಬರನ್ನು ಪ್ಯಾಂಪೋಲ್‌ನಲ್ಲಿ ಬಿಟ್ಟು ಇನ್ನೊಂದು ಬಂದರಿನಲ್ಲಿ ಸಂಸಾರ ಹೂಡಿದ. ನಾನು ಮೊದಲ ಸಲ ಹಡಗು ಹತ್ತಿದಾಗ ನೀನು, "ಕಾರೇಯವ್ರಿಗೆ ಬಡ್ಸು, ಬೇಡ ಅನ್ನಲ್ಲ. ಅವ್ರ ಮೇಜಿಗೆ ಕೂತ್ಯೋ, ಈ ಬಾಗಿಲಿಗೆ ಬರ್ಬೇಡ," ಅಂದಿದ್ದೆ. ಶಾಲೆಯಲ್ಲಿ ಕಾರೇ ಅಂದರೆ ಚೌಕ. ನಿನ್ನ ಅಂಗಡಿಯಲ್ಲಿ ಕೆನ್ನೆಯ ಗೆರೆಗೆ ಸರಿಯಾಗಿ ಕತ್ತರಿಸಿದ ಕೂದಲು. ಇಸ್ಪೀಟಿನಲ್ಲಿ ನಾಲ್ಕೂ ಗುಲಾಮರು ಒಂದೇ ಕೈಗೆ ಬಂದರೆ ಅದೂ ಕಾರೇ. ನಮ್ಮ ಮನೆಯಲ್ಲಿ ಮಾತ್ರ ಆ ಮಾತಿಗೆ ಒಂದೇ ಅರ್ಥ: ಹಡಗಿನ ಅಧಿಕಾರಿಗಳು ಕೂತು ಉಣ್ಣುವ ಕೋಣೆ. ಅದನ್ನು ನೀನು ಬೈಗುಳದ ಹಾಗೆ ಆಡುತ್ತಿದ್ದೆ.

ಹೊಸ ಸಮವಸ್ತ್ರ ತೊಟ್ಟು ಮೊದಲ ದಿನ ಆ ಕೋಣೆಗೆ ಊಟಕ್ಕೆ ಹೋದೆ. ಉಪನಾಯಕ ಕೆರ್ವೆಲ್ಲಾ ಪತ್ರಿಕೆ ಓದುತ್ತಿದ್ದರು. ಹಿಂದೆ ಬೇರೊಂದು ಹಡಗಿನಲ್ಲಿ ಅವರಿಗೆ ಎರಡು ವರ್ಷ ಬಡಿಸಿದ್ದೆ. ತಲೆ ಎತ್ತಿ ನನ್ನ ಮುಖವನ್ನಷ್ಟೇ ನೋಡಿ, "ಓ, ರೋಜೆನ್! ಇನ್ನೊಂದಿಷ್ಟು ಬ್ರೆಡ್ ತಾರಮ್ಮ," ಅಂದರು. ನಾನೇನು ಮಾಡಿದೆ ಗೊತ್ತೆ? ಹೋಗಿ ತಂದುಕೊಟ್ಟೆ! ಹೇಳಿಕೊಳ್ಳಲು ಈಗಲೂ ನಾಚಿಕೆ. ಆಮೇಲೆ ಎರಡು ತಿಂಗಳು ಅಡುಗೆಮನೆಯಲ್ಲೇ ನಿಂತು ಉಂಡೆ. ಬಾಣಸಿಗ ಗಾಸ್ಪಾರ್ ದಿನವೂ ರೇಗಿಸುತ್ತಿದ್ದ: "ಲೆಫ್ಟಿನೆಂಟ್ ಮೇಡಂ, ಪಾತ್ರೆನೂ ತೊಳೆದು ಹೋಗ್ತೀರಾ?"

ಮೊನ್ನೆ ಬುಧವಾರ ಬೆಳಿಗ್ಗೆ ಏಳೂಕಾಲಿಗೆ ರೇಡಿಯೋದಲ್ಲಿ ಕೂಗು ಕೇಳಿಸಿತು. ಬ್ರೆಹಾ ದ್ವೀಪದ ಉತ್ತರಕ್ಕೆ ಏಡಿ ಹಿಡಿಯುವ ದೋಣಿಯೊಂದು ನೀರು ತುಂಬಿಕೊಂಡಿತ್ತು, ಅದರಲ್ಲಿ ಅಣ್ಣ ತಮ್ಮ ಇಬ್ಬರೇ. ತಾವಿರುವ ಜಾಗ ಹೇಳಿದರು, ದನಿ ನಿಂತಿತು. ಹತ್ತಿರವಿದ್ದ ಹಡಗು ನಮ್ಮದೇ. ಆದರೂ ಅಲ್ಲಿಗೆ ಮೂರು ಗಂಟೆಯ ದಾರಿ, ಅಷ್ಟರಲ್ಲಿ ನೀರಿನ ಸೆಳೆತ ಅವರನ್ನು ಎತ್ತಲೋ ಒಯ್ದಿರುತ್ತದೆ.

ಇಂಥ ಹೊತ್ತಿನಲ್ಲಿ ಒಂದು ಬಿಂದುವಿನಿಂದ ಹೊರಟು, ಬಲಕ್ಕೆ ತಿರುಗುತ್ತ, ಮತ್ತೆ ಬಲಕ್ಕೆ ತಿರುಗುತ್ತ, ಸುತ್ತಿನಿಂದ ಸುತ್ತಿಗೆ ದೊಡ್ಡದಾಗುವ ಚೌಕದಲ್ಲಿ ಹುಡುಕುತ್ತೇವೆ. ಅದಕ್ಕೂ ಕಾರೇ ಎಂದೇ ಹೆಸರು. ಶುರುವಿನ ಬಿಂದು ತಪ್ಪಿದರೆ ಖಾಲಿ ನೀರನ್ನು ಉತ್ತಂತೆಯೇ. ಆ ಬಿಂದುವನ್ನು ಕೆರ್ವೆಲ್ಲಾ ನಕ್ಷೆಯ ಮೇಲೆ ಗುರುತಿಸಿದರು. ನೀರಿನ ಸೆಳೆತ ಎಷ್ಟು ಗಂಟೆಗೆ ಪಶ್ಚಿಮಕ್ಕೆ ತಿರುಗಿತು ಎಂದು ಉಬ್ಬರವಿಳಿತದ ಕೋಷ್ಟಕ ನೋಡಿಯೇ ಗುರುತಿಸಿದ್ದರು. ನಾನೂ ಕೋಷ್ಟಕ ನೋಡಿದೆ.

"ಸರ್, ಇದ್ರಲ್ಲಿರೋದು ಚಳಿಗಾಲದ ಗಂಟೆ. ನಮ್ಮ ಗಡಿಯಾರ ಇನ್ನೂ ಬೇಸಿಗೆದು, ಒಂದು ಗಂಟೆ ಮುಂದಿದೆ. ಕೋಷ್ಟಕಕ್ಕೆ ಅಷ್ಟು ಸೇರಿಸ್ಬೇಕು. ಸೆಳೆತ ತಿರುಗಿದ್ದು ತಡವಾಗಿ, ಅವ್ರು ಇನ್ನೂ ಪೂರ್ವಕ್ಕಿರ್ತಾರೆ."

"ಮಗೂ, ಈ ನೀರಲ್ಲಿ ಇಪ್ಪತ್ತಾರು ವರ್ಷ ಓಡಾಡಿದೀನಿ."

ಆದರೂ ಈ ಸಲ ಬ್ರೆಡ್ ತರಲು ಹೋಗಲಿಲ್ಲ. "ನೀರಲ್ಲಿ ನಾನು ಓಡಾಡಿಲ್ಲ ಸರ್. ಈ ಕೋಷ್ಟಕದ ಪುಸ್ತಕದ ಮೊದಲನೇ ಪುಟ ಓದಿದೀನಿ, ಅಷ್ಟೇ," ಅಂದೆ.

ಕ್ಯಾಪ್ಟನ್ ಓದ್ರೆನ್ ಪುಸ್ತಕ ತೆಗೆದು ಮೊದಲ ಪುಟ ತಿರುವಿದರು. ಪೆನ್ಸಿಲನ್ನು ನನ್ನ ಕೈಗಿಟ್ಟರು. "ನಿಮ್ಮ ಬಿಂದು ಹಾಕಿ. ಹಡಗೂ ನೀವೇ ತಿರುಗ್ಸಿ."

ಎರಡು ಮೈಲಿ ಪೂರ್ವಕ್ಕೆ ಬಿಂದು ಹಾಕಿದೆ. ಮೊದಲ ತಿರುವು, ಎರಡು, ಮೂರು, ನಾಲ್ಕು. ಬರೀ ನೀರು. ಐದನೆಯ ತಿರುವಿನಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಆರನೆಯದರಲ್ಲಿ ನಾನೇ ಯಾರ ಮುಖವನ್ನೂ ನೋಡಲಿಲ್ಲ. ಏಳನೆಯ ತಿರುವು ಮುಗಿಯುತ್ತಿದ್ದಂತೆ ದುರ್ಬೀನು ಹಿಡಿದಿದ್ದ ಕೆರ್ವೆಲ್ಲಾ ಅವರೇ ಕೂಗಿದರು: "ಕಿತ್ತಳೆ ಬಣ್ಣ! ಎಡಕ್ಕೆ! ಕೈ ಬೀಸ್ತಿದಾರೆ!"

ದೋಣಿ ಬೋರಲು ಬಿದ್ದಿತ್ತು. ಅದರ ಬೆನ್ನಿನ ಮೇಲೆ ಇಬ್ಬರೂ ಇದ್ದರು, ಅಣ್ಣ ತನ್ನ ಬೆಲ್ಟಿನಿಂದ ತಮ್ಮನನ್ನು ತನಗೆ ಕಟ್ಟಿಕೊಂಡಿದ್ದ. ಮೇಲೆ ಬಂದವನೇ ಹಲ್ಲು ಕಟಕಟಿಸುತ್ತ ನನಗೆ ಬೈದ: "ಎರಡು ಸಲ ಬೆನ್ನು ತೋರ್ಸಿ ಹೊರಟೇ ಹೋದ್ರಲ್ರೀ! ಹಿಂಗೂ ಹಡಗು ಓಡಿಸ್ತಾರಾ?" ಅಮ್ಮ, ನನ್ನ ಜನ್ಮದಲ್ಲಿ ಅಂಥ ಸಿಹಿಯಾದ ಬೈಗುಳ ಕೇಳಿಲ್ಲ. ಅಳುತ್ತಲೇ ನಕ್ಕೆ.

ಆಮೇಲೆ ಕೆರ್ವೆಲ್ಲಾ ಹಡಗಿನ ದಿನಚರಿ ತೆರೆದು ಬರೆದರು: ಲೆಕ್ಕದ ತಪ್ಪು ನನ್ನದು, ತಿದ್ದಿದವರು ಲೆಫ್ಟಿನೆಂಟ್. ಯಾರೂ ಬರೆಯಿರಿ ಅಂದಿರಲಿಲ್ಲ. ಬಾಗು ಬಳುಕಿಲ್ಲದ ಮನುಷ್ಯನಿಗೂ ನಾವು ಕಾರೇ ಅನ್ನುತ್ತೇವಲ್ಲ, ಅಂಥವರು. ಅಷ್ಟು ದಿನ ಅವರನ್ನು ದ್ವೇಷಿಸಿದ್ದು ಅಂದಿಗೆ ಬಿಟ್ಟುಹೋಯಿತು.

ಮಧ್ಯಾಹ್ನ ನಾನು ಕಾರೇಗೆ ಹೋದೆ. ನನ್ನ ಕುರ್ಚಿ ನಾನೇ ಎಳೆದುಕೊಂಡು ಕೂತೆ. ಗಾಸ್ಪಾರ್ ಕುರಿಯ ಪಕ್ಕೆಲುಬಿನ ಹುರಿದ ಮಾಂಸ ಹೊತ್ತು ತಂದ. ಆ ತುಂಡಿನ ಹೆಸರೂ ಕಾರೇ ತಾನೆ? "ಕಾರೇ ಹಾಕಿ ಜನ ಹುಡುಕಿದವ್ರಿಗೆ ಕಾರೇಯಲ್ಲಿ ಕಾರೇ!" ಎಂದು ಕೂಗಿದ. ತಟ್ಟೆ ತೆಗೆಯಲು ನಾನು ಅಭ್ಯಾಸಬಲದಿಂದ ಏಳಹೋದೆ. "ಕೂತ್ಕೊಳ್ಳೇ ಮಾರಾಯ್ತಿ, ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡ," ಅಂದ. ಕೂತೆ. ಎರಡು ಸಲ ಬಡಿಸಿಕೊಂಡು ಉಂಡೆ.

ಆ ಮೇಜಿನಲ್ಲಿ ಅಪ್ಪನ ನೆರಳು ಇರಬಹುದೆಂದು ಹೆದರಿದ್ದೆ. ಇರಲಿಲ್ಲ ಅಮ್ಮ. ಬರೀ ಹಸಿದ ಜನ ಇದ್ದರು. ಇಪ್ಪತ್ತನೆಯ ತಾರೀಖು ಊರಿಗೆ ಬರುತ್ತೇನೆ. ಬಾಗಿಲು ತೆರೆಯದಿದ್ದರೆ ಅಂಗಡಿಯ ಮುಂದೆಯೇ ಬಿಡಾರ ಹೂಡುತ್ತೇನೆ.

ಸಾವಿರ ಮುತ್ತುಗಳೊಂದಿಗೆ,
ನಿನ್ನ ರೋಜೆನ್

ಮ.ವಿ.: ಪತ್ರಿಕೆಯವರು ಬಂದು ಬರೆದುಕೊಂಡು ಹೋಗಿದ್ದಾರೆ. 'ಲೆಫ್ಟಿನೆಂಟ್ ರೋಜೆನ್ ಗೆಜೂ' ಎಂದು ಓದಿ ಬೇರೆ ಯಾರೋ ಅಂದುಕೊಳ್ಳಬೇಡ. ಶಾಲೆಗೆ ಅರ್ಜಿ ಹಾಕಿದ ದಿನವೇ ಅಪ್ಪನ ಮನೆತನದ ಹೆಸರು ಬಿಟ್ಟು ನಿನ್ನ ತವರಿನ ಹೆಸರು ಹಾಕಿಕೊಂಡೆ. ದಿನಚರಿಯಲ್ಲೂ ಅದೇ ಇದೆ.