ಕೆಂಪು ಹಲಗೆಯ ಕಚ್ಚು

ಅಕ್ಟೋಬರ್ ೧೪, ರಾತ್ರಿ ಎರಡು ಗಂಟೆ. ಮಗಳ ಕೆಮ್ಮಿಗೆ ಎಚ್ಚರವಾಯಿತು. ಅವಳು ಮತ್ತೆ ಮಲಗಿದಳು, ನನಗೆ ನಿದ್ದೆಯಿಲ್ಲ.

ಬಾಣಂತನದಲ್ಲಿ ನಾನು ಬಿಡಿಸಿದ ಸೇವಂತಿಗೆಯ ಚಿತ್ರವನ್ನು ಓರಗಿತ್ತಿ ಮಿಸಾವೊ ತನ್ನ ಹೆಸರಿನಲ್ಲಿ ಚಹಾ ಡಬ್ಬಿಗೆ ಸುತ್ತುವ ಹಾಳೆಗಳ ಮೇಲೆ ಅಚ್ಚು ಹಾಕಿಸುತ್ತಿದ್ದಾಳೆ. ಕೇಳಿದರೆ ಅತ್ತೆಯ ಎದುರೇ ನಕ್ಕಳು: "ಹಾಲು ಕುಡಿಸೋಳಿಗೆ ಹೆಸರ್ಯಾಕಮ್ಮ, ನಾತ್ಸುನೊ? ಬೇಕಾದ್ರೆ ಮಗು ಲಂಗೋಟಿ ಮೇಲೆ ಬರ್ಕೋ!"

ನಿನ್ನೆ ಸಂಜೆ ಅಚ್ಚಿನ ಕೋಣೆಗೆ ಹೋಗಿ, ಕೆಂಪು ಬಣ್ಣ ಒತ್ತುವ ಮರದ ಹಲಗೆಯಲ್ಲಿ ಹಾಳೆಯ ಮೂಲೆ ಕೂರುವ ಕಚ್ಚನ್ನು ಉಳಿಯಿಂದ ಅಕ್ಕಿಕಾಳಿನಷ್ಟು ಕೆತ್ತಿ ಬಂದೆ. ಬೆಳಿಗ್ಗೆ ಕ್ಯೋಟೊ ಗಿರಾಕಿಗಳ ಮುಂದೆ ಮೊದಲ ಹಾಳೆ ಎತ್ತಿದಾಗ ಕೆಂಪೆಲ್ಲ ಗೆರೆ ದಾಟಿ ಸರಿದಿರುತ್ತದೆ. ಅವಳ ಮುಖ ನೋಡಬೇಕು ನಾನು!

ಆದರೆ ಅಚ್ಚು ಹಾಕುವ ಮುದುಕ ಗೆಂಪಾಚಿ, ತನ್ನ ಕೈಯೇ ನಡುಗಿತು ಅಂದುಕೊಳ್ಳುತ್ತಾನೆ.

ಮಿಸಾವೊ ಅಕ್ಕ, ಈ ದಿನಚರಿ ನೀವು ಓದುವುದಿಲ್ಲ, ಆದರೂ ಕೇಳುತ್ತೇನೆ: ಕಚ್ಚಿಗೆ ಮರದ ಚಕ್ಕೆ ಅಂಟಿಸಿ ಸರಿಮಾಡಲು ಇನ್ನೂ ಹೊತ್ತಿದೆ. "ಹೂವು ನಿನ್ನದೇ, ನಾತ್ಸುನೊ" ಅನ್ನಿ, ಸಾಕು. ಬೆಳಗಾಗುವ ಮೊದಲು ಫೋನ್ ಮಾಡಿ, ದಯವಿಟ್ಟು, ಒಂದೇ ಒಂದು ಸಲ…