ಗಿರಣಿ ತಂಡಕ್ಕೆ ನೀವು ಹಾಕಿದ ವೋಟು

ಮನೆ, ಹೊಲಿಗೆ ಕೋಣೆ
ಸೋಮವಾರ, ಮಾರ್ಚ್ ೧೧, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ನಿಮಗೆ,

ನಿಮ್ಮ ಗಂಟಲು ಹೇಗಿದೆ? ನಿನ್ನೆ ರೇಡಿಯೋದಲ್ಲಿ ಕೇಳಿದಾಗ ಸ್ವಲ್ಪ ಕಟ್ಟಿದ ಹಾಗಿತ್ತು. ಹೋಟೆಲಿನ ಕೋಣೆಯಲ್ಲಿ ಏಸಿಯನ್ನು ನೆತ್ತಿಯ ಮೇಲೇ ಬಿಟ್ಟುಕೊಂಡು ಮಲಗುತ್ತೀರಿ, ನನಗೆ ಗೊತ್ತು. ಸೂಟ್‌ಕೇಸಿನ ಎಡಗಡೆ ಮೂಲೆಯಲ್ಲಿ, ಕಾಲುಚೀಲದೊಳಗೆ ಮಾತ್ರೆ ಇಟ್ಟಿದ್ದೇನೆ, ಬಿಸಿನೀರಿನಲ್ಲಿ ತೆಗೆದುಕೊಳ್ಳಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಇನ್ನು ನನ್ನ ಆರೋಗ್ಯದ ಸಮಾಚಾರವನ್ನು ನಿಮಗೆ ಬರೆಯಬೇಕಾಗಿಲ್ಲ. ಅದು ನನಗಿಂತ ಮೂರು ವಾರ ಮೊದಲೇ ನಿಮಗೆ ಗೊತ್ತಿತ್ತು. ಆ ವಿಷಯಕ್ಕೇ ಬರುತ್ತೇನೆ, ಸ್ವಲ್ಪ ತಾಳಿ.

ನಿನ್ನೆಯಿಂದ ಒಂಬತ್ತು ಸಲ ಫೋನ್ ಮಾಡಿದ್ದೀರಿ. ಬೇಕೆಂದೇ ಎತ್ತಲಿಲ್ಲ. ಮೈಕಿನ ಮುಂದೆ ಬದುಕು ಸವೆಸಿದ ವೀಕ್ಷಕ ವಿವರಣೆಕಾರರು ನೀವು, ಪಂದ್ಯ ಮುಗಿದರೂ ನಿಮ್ಮ ಮಾತು ಮುಗಿಯುವುದಿಲ್ಲ. ಫೋನಿನಲ್ಲಾದರೆ ನಾನು ಅರ್ಧ ಹೇಳುವುದರೊಳಗೆ ನೀವು ಪೂರ್ತಿ ಸಮಾಧಾನ ಮಾಡಿ ಮುಗಿಸಿರುತ್ತೀರಿ. ಕಾಗದದಲ್ಲಿ ನಡುವೆ ಬಾಯಿ ಹಾಕುವುದಕ್ಕೆ ಆಗುವುದಿಲ್ಲ, ಅದಕ್ಕೇ ಕಾಗದ. ನಿಮ್ಮ ಸ್ಟುಡಿಯೋದ ಮೀಸೆ ಇಂಜಿನಿಯರು ಇವತ್ತು ಸಂಜೆಯ ರೈಲಿಗೆ ಅಲ್ಲಿಗೆ ಹೊರಟಿದ್ದಾರಂತೆ. ದಾರಿಯಲ್ಲಿ ಇಲ್ಲಿಗೆ ಬಂದು ಇದನ್ನು ಒಯ್ಯುತ್ತಾರೆ.

ನಿನ್ನೆಯ ಕಾರ್ಯಕ್ರಮವನ್ನು ನಾನೊಬ್ಬಳೇ ಕೇಳಲಿಲ್ಲ. ಲೀಗಿನ ಐವತ್ತು ವರ್ಷಗಳಲ್ಲಿ ಎಲ್ಲಕ್ಕಿಂತ ದೊಡ್ಡ ಬ್ಯಾಸ್ಕೆಟ್‌ಬಾಲ್ ತಂಡ ಯಾವುದೆಂದು ಏಳು ಜನ ತೀರ್ಮಾನ ಮಾಡುತ್ತಾರೆ, ಅವರಲ್ಲಿ ನಮ್ಮವರೂ ಒಬ್ಬರು ಎಂದು ಬೀದಿಗೆಲ್ಲ ನಾನೇ ಸಾರಿದ್ದೆನಲ್ಲ. ನನ್ನ ಜೊತೆ ಗುಂಡಿ ಹಚ್ಚುವ ಗುಂಡಿಯಕ್ಕ, ಎದುರು ಮನೆಯ ಬಡಗಿ, ಅವನ ತಾಯಿ, ಎಲ್ಲರೂ ಹೊಲಿಗೆ ಕೋಣೆಯಲ್ಲಿ ಬಟ್ಟೆಯ ಥಾನುಗಳ ಮೇಲೇ ಕೂತಿದ್ದರು. ಗಿರಣಿ ತಂಡಕ್ಕೆ ಮೂರು, ಬಂದರು ತಂಡಕ್ಕೆ ಮೂರು. ಕೊನೆಯ ವೋಟು ನಿಮ್ಮದು. ಗುಂಡಿಯಕ್ಕ ನನ್ನ ತೊಡೆ ಚಿವುಟಿ, ಮುಗೀತು ಬಿಡು ನಿನ್ನ ಕಥೆ ಅಂದಳು. ಮನೆಯಲ್ಲಿ ಏನೇ ಅಂದಿದ್ದರೂ ಮೈಕಿನ ಮುಂದೆ ಬಂದರು ತಂಡ ಎಂದೇ ಅನ್ನುತ್ತೀರಿ ಎಂದುಕೊಂಡು ನಾನೂ, ನಿಮಗೆ ಬೈಯುವುದಕ್ಕೆ ಬಾಯಿ ತೆರೆದುಕೊಂಡು ಕೂತಿದ್ದೆ. ನೀವು ಗಿರಣಿ ತಂಡ ಅಂದಿರಿ. ಅದೂ ಸಾಲದೆಂದು, "ಈ ವಿಷಯದಲ್ಲಿ ನನ್ನ ಹೆಂಡತಿ ಹೇಳ್ತಿದ್ದದ್ದೇ ಸರಿ" ಅಂತ ನಾಡಿಗೆಲ್ಲ ಕೇಳುವ ಹಾಗೆ ಹೇಳಿದಿರಿ. ಬಡಗಿ ಎದ್ದು ನಿಂತು ಚಪ್ಪಾಳೆ ತಟ್ಟಿದ. ಅವನ ತಾಯಿ ನನ್ನ ಕೆನ್ನೆ ಸವರಿ, ಎಂಥಾ ಗಂಡ ಸಿಕ್ಕಿದಾನೆ ನಿನಗೆ ಅಂದರು. ನಾನು ಮಾತ್ರ ಹೆದರಿ ರೇಡಿಯೋ ಆರಿಸಿದೆ.

ಯಾಕೆಂದು ಇನ್ನೊಬ್ಬರಿಗೆ ಹೇಳಿದರೆ ನಗುತ್ತಾರೆ. ನಿಮಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ನಮ್ಮ ಮೊದಲ ಭೇಟಿಯೇ ಟಿಕೆಟ್ ಸಾಲಿನಲ್ಲಿ ಜಗಳ. ನನ್ನಪ್ಪ ನೂಲಿನ ಗಿರಣಿಯವರು, ನಿಮ್ಮಪ್ಪ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು. ನಮ್ಮ ತಂಡ ಒಂದೇ ಐದು ಜನರನ್ನು ಇಟ್ಟುಕೊಂಡು ಸತತ ನಾಲ್ಕು ವರ್ಷ ಕಪ್ ಎತ್ತಿತು, ಅಂಗಳದ ಆ ತುದಿಯಿಂದ ಈ ತುದಿಗೆ ಓಡುತ್ತಲೇ ಇದ್ದ ನಮ್ಮ ಕುಳ್ಳ ಆಟಗಾರನಿಗೆ ಜನ ಮಗ್ಗದ ಲಾಳಿ ಎಂದೇ ಹೆಸರಿಟ್ಟರು ಎಂದು ನಾನು. ಬಂದರು ತಂಡವೇ ಮೇಲು, ಎದುರುಬದುರು ಆಡಿದ ನಲವತ್ತೊಂದು ಪಂದ್ಯಗಳಲ್ಲಿ ಇಪ್ಪತ್ತಾರು ನಮ್ಮವು, ಆ ನಾಲ್ಕು ವರ್ಷದಲ್ಲಿ ಎರಡು ವರ್ಷ ನಮ್ಮ ಎತ್ತರದ ಆಟಗಾರ ದೀಪಸ್ತಂಭ ಮೊಣಕಾಲು ಮುರಿದುಕೊಂಡು ಹೊರಗಿದ್ದ, ಇಲ್ಲದಿದ್ದರೆ ನಿಮ್ಮ ಲಾಳಿ ಅವನ ಕಂಕುಳ ಕೆಳಗೆ ನುಸುಳಬೇಕಾಗಿತ್ತು ಎಂದು ನೀವು. ಇಪ್ಪತ್ತೆರಡು ವರ್ಷ, ರಾತ್ರಿ ಊಟವಾದ ಮೇಲೆ ಇದೇ ನಮ್ಮ ಸಂಸಾರ. ಮನೆಗೆ ಒಂದೇ ಕಾನೂನು: ಮೊದಲು ಯಾರು "ಹೋಗ್ಲಿ ಬಿಡು" ಅಂದರೋ ಅವರು ಪಾತ್ರೆ ತೊಳೆಯಬೇಕು. ಹೆಚ್ಚಿನ ದಿನ ಇಬ್ಬರೂ ಅನ್ನದೆ, ಕೊನೆಗೆ ವಾದ ಮಾಡುತ್ತಲೇ ನಾನು ತಿಕ್ಕಿ ನೀವು ತೊಳೆದು ಒರೆಸಿಡುತ್ತಿದ್ದೆವು. ತಲೆನೋವು, ಜ್ವರ, ಹೊಲಿಗೆಯ ಅವಸರ ಎಂದು ನಾನು ಹತ್ತಾರು ಸಲ ಸೋತಿದ್ದೇನೆ. ನೀವು ಒಂದು ಸಲವೂ ಇಲ್ಲ. ನಿಮ್ಮಪ್ಪ ತೀರಿಕೊಂಡ ವಾರದಲ್ಲಿ ಕೂಡ ಕಣ್ಣೀರು ಒರೆಸಿಕೊಳ್ಳುತ್ತಾ ದೀಪಸ್ತಂಭದ ರೀಬೌಂಡ್ ಲೆಕ್ಕ ಒಪ್ಪಿಸಿದಿರಿ. ಅವತ್ತು ನಿಮ್ಮ ಮೇಲೆ ನನಗೆ ಎಷ್ಟು ಮುದ್ದು ಬಂದಿತ್ತು ಎಂದು ನಿಮಗೆ ಗೊತ್ತಿಲ್ಲ.

ಅಂಥವರು ಮೂರು ವಾರದ ಹಿಂದೆ, ಒಂದು ಮಂಗಳವಾರ, ನಾನು ಮಾತು ಶುರು ಮಾಡುವುದಕ್ಕೆ ಮೊದಲೇ "ಹೋಗ್ಲಿ ಬಿಡು, ನಿಮ್ಮವರೇ ಗಟ್ಟಿ" ಅಂದಿರಿ. ಅಂದು ಅಂಗಿಯ ತೋಳು ಮಡಚಿ ಪಾತ್ರೆಗೆ ಕೈ ಹಾಕಿದಿರಿ. ಮಂಕು ನಾನು, ಗೆದ್ದೆ ಗೆದ್ದೆ ಎಂದು ಅಡುಗೆಮನೆಯ ತುಂಬ ಕುಣಿದೆ. ಬೆಳಿಗ್ಗೆ ಗುಂಡಿಯಕ್ಕನಿಗೆ ಫೋನ್ ಮಾಡಿ ಹೇಳಿದೆ. ಮರುದಿನವೂ ಒಪ್ಪಿದಿರಿ, ಅದರ ಮರುದಿನವೂ. ನಲವತ್ತೊಂದರಲ್ಲಿ ನಿಮ್ಮದು ಬರೀ ಇಪ್ಪತ್ತು ಎಂದು ನಾನು ಬೇಕೆಂದೇ ತಪ್ಪು ಲೆಕ್ಕ ಹೇಳಿ ನೋಡಿದೆ. ಇರಬಹುದು ಅಂದಿರಿ. ಆವಾಗಲೇ ನನಗೆ ಅನುಮಾನ ಶುರುವಾಯಿತು. ಕೆಲಸ ಬಿಡಬೇಕೆಂದಿದ್ದಾರೇನೋ, ಬೇರೆ ಯಾರಾದರೂ ಇದ್ದಾರೇನೋ ಎಂದೆಲ್ಲ ಯೋಚಿಸಿದೆ. ಇಷ್ಟು ವರ್ಷದ ಮೇಲೆ ಇಂಥ ಅನುಮಾನವೇ ಎಂದು ನನ್ನನ್ನು ನಾನೇ ಬೈದುಕೊಂಡೆ. ಆ ಮಂಗಳವಾರವೇ ನೀವು ನನ್ನ ರಿಪೋರ್ಟ್ ತರುವುದಕ್ಕೆ ಆಸ್ಪತ್ರೆಗೆ ಹೋಗಿದ್ದಿರಿ ಎಂಬುದು ಮಾತ್ರ ತಲೆಗೆ ಹೊಳೆಯಲಿಲ್ಲ. ಶಾಲೆಯ ಸಮವಸ್ತ್ರ ನೂರಿಪ್ಪತ್ತು ಜೊತೆ ಬಾಕಿ ಇತ್ತು, ನೀವೇ ಹೋಗಿ ಬನ್ನಿ ಎಂದು ಕಳಿಸಿದವಳು ನಾನೇ. ಬಂದವರು ಚಪ್ಪಲಿ ಬಿಡುತ್ತಾ, "ಏನಿಲ್ಲ, ಬರೀ ಗಂಟು, ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ ಅಂದ್ರು" ಅಂದಿರಿ. ನಾನು ಮಿಷನ್ನಿನಿಂದ ತಲೆ ಕೂಡ ಎತ್ತಲಿಲ್ಲ.

ನಿನ್ನೆ ಆ ವೋಟು ಕೇಳಿದ ಮೇಲೆ ನೀವು ಸೋತ ಮಂಗಳವಾರವೂ ರಿಪೋರ್ಟ್ ತಂದ ಮಂಗಳವಾರವೂ ಒಂದೇ ಎಂದು ಹೊಳೆಯಿತು. ಇಷ್ಟು ಜನರ ಮುಂದೆ ನಿಮ್ಮಪ್ಪನ ತಂಡವನ್ನು ಬಿಟ್ಟುಕೊಡಬೇಕಾದರೆ ನನಗೆ ಏನೋ ಆಗಿರಲೇಬೇಕು. ಇವತ್ತು ಬೆಳಿಗ್ಗೆ ತಂಗಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಕೌಂಟರಿನಲ್ಲಿ ಕೂತಿದ್ದ ಹೆಂಗಸು ಪುಸ್ತಕ ತಿರುವಿ ನೋಡಿ, ನಿಮ್ಮ ಯಜಮಾನರು ಒಯ್ದು ಮೂರು ವಾರವಾಯಿತಲ್ಲ, ಡಾಕ್ಟರು ಅವರಿಗೆ ಎರಡು ಸಲ ಫೋನ್ ಮಾಡಿಸಿದರು, ನೀವು ಯಾಕೆ ಬರಲಿಲ್ಲ ಎಂದು ನನ್ನನ್ನೇ ಗದರಿದಳು. ಡಾಕ್ಟರು ನನ್ನನ್ನು ಕೂರಿಸಿ ಎಲ್ಲ ಹೇಳಿದರು. ಎಡ ಎದೆಯ ಗಂಟು ಕ್ಯಾನ್ಸರ್. ಬೇಗ ತೆಗೆದರೆ ಒಳ್ಳೆಯದು, ಮೂರು ವಾರದ ಹಿಂದೆಯೇ ತೆಗೆದಿದ್ದರೆ ಇನ್ನೂ ಒಳ್ಳೆಯದಿತ್ತು. ತಂಗಿ ಗೋಳೋ ಎಂದು ಅತ್ತಳು. ನನಗೆ ಅಳು ಬರಲಿಲ್ಲ. ಅದಾದ ಮೇಲೆ ಡಾಕ್ಟರು ಪಾಪ, ನಿಮ್ಮ ಪರವಾಗಿ ಇನ್ನೊಂದು ಮಾತು ಹೇಳಿದರು. ನೀವು ಅವರ ಕೈ ಹಿಡಿದುಕೊಂಡು, "ನನ್ನ ಹೆಂಡತಿ ಮನಸ್ಸು ತುಂಬಾ ಸೂಕ್ಷ್ಮ, ನಾನೇ ಸಮಯ ನೋಡಿ ಹೇಳ್ತೀನಿ" ಅಂದಿರಂತೆ. ಆಗ ಅಳು ಬಂತು.

ಸೂಕ್ಷ್ಮ. ನಿಮ್ಮಮ್ಮ ಹಾಸಿಗೆ ಹಿಡಿದ ಎರಡು ವರ್ಷ ನಾನು ಸೂಕ್ಷ್ಮವಾಗಿದ್ದೆನೇ? ಸೂಜಿ ಉಗುರಿನೊಳಗೆ ಮುರಿದುಕೊಂಡು, ಅದನ್ನು ಹಲ್ಲಿನಲ್ಲಿ ಕಿತ್ತು, ಉಳಿದ ಕಾಲರು ಮುಗಿಸಿಯೇ ಎದ್ದವಳನ್ನು ನೀವೇ ನೋಡಿದ್ದೀರಿ. ನಿಮ್ಮ ಜೊತೆ ಇಪ್ಪತ್ತೆರಡು ವರ್ಷ ಸರಿಸಮ ನಿಂತು ವಾದ ಮಾಡಿದ್ದೇನೆ. ಅಷ್ಟೂ ದಿನ ನೀವು ನನ್ನನ್ನು ಸರಿಸಮ ಎಂದೇ ತಿಳಿದಿದ್ದೀರಿ ಎಂದುಕೊಂಡಿದ್ದೆ. ಒಂದು ಕಾಗದ ಕೈಗೆ ಬಂದ ಕೂಡಲೇ ನಾನು ನಿಮಗೆ ಗಾಜಿನ ಲೋಟವಾದೆ. ರಿಪೋರ್ಟ್ ಮುಚ್ಚಿಟ್ಟದ್ದಕ್ಕೆ ಕೋಪ ಬಂದಿದೆ, ಅದಕ್ಕಿಂತ ಹೆಚ್ಚಾಗಿ ನೋವಾಗಿದೆ. ನನ್ನ ಮೈಯ ವಿಷಯವನ್ನು ನನ್ನ ಬೆನ್ನ ಹಿಂದೆ ಇಬ್ಬರು ಗಂಡಸರು ಮಾತಾಡಿ ತೀರ್ಮಾನಿಸಿದಿರಿ. ನಾನು ಇಲ್ಲಿ ಗೆದ್ದೆನೆಂದು ಕುಣಿಯುತ್ತಿದ್ದೆ, ನೀವು ನಲ್ಲಿಯ ಕೆಳಗೆ ತಲೆ ತಗ್ಗಿಸಿಕೊಂಡು ಅದನ್ನು ನೋಡುತ್ತಿದ್ದಿರಿ. ಆ ಕುಣಿತ ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಇನ್ನು ಆ ವೋಟು. ನಮ್ಮ ಲಾಳಿ ನಾಲ್ಕು ವರ್ಷ ಬೆವರು ಸುರಿಸಿ ಗೆದ್ದದ್ದನ್ನು, ರೋಗಿಯನ್ನು ನೋಡಲು ಬರುವವರು ಹಣ್ಣು ತರುವ ಹಾಗೆ ನೀವು ತಂದುಕೊಟ್ಟಿರಿ. ನನಗೆ ಅದು ಬೇಡ. ಗಿರಣಿ ತಂಡವೇ ದೊಡ್ಡದು, ಅದರಲ್ಲಿ ನನಗೆ ಇವತ್ತಿಗೂ ಎಳ್ಳಷ್ಟು ಅನುಮಾನವಿಲ್ಲ. ಕಪ್ ಮುಂದಿಟ್ಟಾಗ ಯಾರು ಗೆದ್ದರು ಎನ್ನುವುದೇ ಲೆಕ್ಕ, ಈ ಎರಡೂ ತಂಡ ಎದುರಾದ ಮೂರು ಫೈನಲ್‌ಗಳಲ್ಲಿ ಎರಡು ನಮ್ಮವು. ಆದರೆ ಅದನ್ನು ನಿಮ್ಮ ಬಾಯಿಂದ ಹೊರಡಿಸಬೇಕೆಂದು ನಾನು ಪಟ್ಟ ಪಾಡಿಗೆಲ್ಲ ಒಂದು ಅರ್ಥವಿತ್ತು. ನೀವು ಅದನ್ನು ನಂಬದೆ ಹೇಳಿದಿರಿ. ನಿಮ್ಮಪ್ಪನಿಗೂ ಮೋಸ, ನನಗೂ ಮೋಸ, ರೇಡಿಯೋ ಕೇಳಿದವರಿಗೂ ಮೋಸ. ಇವತ್ತು ಬೆಳಿಗ್ಗೆ ಹಾಲಿನವನು ಕೂಡ ಶುಭಾಶಯ ಹೇಳಿದ. ಏನೆಂದು ಉತ್ತರ ಕೊಡಲಿ ಅವನಿಗೆ?

ನೀವು ಕೆಟ್ಟವರಲ್ಲ ಎಂದು ನನಗೆ ಗೊತ್ತು. ಹೆದರಿದಿರಿ. ನೀವು ಹೆದರಿದಾಗ ವಿಪರೀತ ಒಳ್ಳೆಯವರಾಗುತ್ತೀರಿ, ಅದು ನಿಮ್ಮ ಹಳೆಯ ಚಾಳಿ. ಆದರೆ ನಾನೂ ಹೆದರಿದ್ದೇನೆ, ನನ್ನ ಪಕ್ಕದಲ್ಲಿ ಹೆದರಿಕೊಂಡು ಕೂರುವವರು ಬೇಕಾಗಿತ್ತು. ಒಬ್ಬರೇ ಅಷ್ಟನ್ನೂ ಹೊತ್ತುಕೊಂಡು ನನ್ನನ್ನು ಹೊರಗೆ ನಿಲ್ಲಿಸಿದಿರಿ. ಅದನ್ನು ಪ್ರೀತಿ ಎನ್ನುವಷ್ಟು ದೊಡ್ಡ ಮನಸ್ಸು ಇವತ್ತು ನನಗಿಲ್ಲ. ಮುಂದೆ ಬರಬಹುದು, ಮಾತು ಕೊಡಲಾರೆ.

ಸಮವಸ್ತ್ರ ಎಲ್ಲಾ ಮುಗಿದು ಶಾಲೆ ಸೇರಿತು. ಮಿಷನ್ನಿನ ಬೆಲ್ಟ್ ಸಡಿಲವಾಗಿದೆ, ಬಡಗಿ ನೋಡುತ್ತೇನೆಂದಿದ್ದಾನೆ. ನಿಮ್ಮ ಜೊತೆಯ ತೀರ್ಪುಗಾರರಲ್ಲಿ ಬಂದರು ತಂಡಕ್ಕೆ ವೋಟು ಹಾಕಿದ ಆ ಮೂವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಹೇಳಿದ್ದು ತಪ್ಪು, ಆದರೆ ನಂಬಿ ಹೇಳಿದರು. ಗಂಟಲು ಜೋಪಾನ.

ಇಂತಿ,
ಕೋಪದಲ್ಲಿದ್ದರೂ ನಿಮ್ಮವಳೇ ಆದ
ಗಿರಣಿಯವಳು

ತಾ.ಕ.: ಮೀಸೆಯವರು ಬಾಗಿಲಲ್ಲೇ ನಿಂತಿದ್ದಾರೆ, ರೈಲಿಗೆ ಹೊತ್ತಾಯಿತಂತೆ. ಗುರುವಾರ ಬೆಳಿಗ್ಗೆ ಎಂಟಕ್ಕೆ ಆಪರೇಷನ್. ಫಾರಂನಲ್ಲಿ ಹತ್ತಿರದ ಸಂಬಂಧಿ ಎನ್ನುವ ಕಡೆ ತಂಗಿಯ ಹೆಸರು ಬರೆದಿದ್ದೇನೆ, ಅವಳ ಸಹಿಯೂ ಆಯಿತು. ಬುಧವಾರ ಸಂಜೆಯೊಳಗೆ ಬಂದು, ಡಾಕ್ಟರು ಆ ಮಂಗಳವಾರ ನಿಮಗೆ ಹೇಳಿದ್ದನ್ನು ಒಂದಕ್ಷರ ಬಿಡದೆ ನನ್ನ ಮುಖ ನೋಡಿಕೊಂಡು ಹೇಳಿ. ನನಗೆಲ್ಲ ಗೊತ್ತಿದ್ದರೂ ನೀವೇ ಹೇಳಬೇಕು. ಕೌಂಟರಿನವಳು ಒಬ್ಬರಿಗೆ ಒಂದೇ ಫಾರಂ ಎಂದು ಹಟ ಹಿಡಿದಿದ್ದಳು. ಜಗಳವಾಡಿ ಇನ್ನೊಂದು ಖಾಲಿ ಫಾರಂ ತಂದಿಟ್ಟಿದ್ದೇನೆ.